ಸರ್ವರ್ ಎದ್ದರೆ ಸಾಕೇ, ಮಲಗುವುದು ಹೇಗೆ? ಲಿನಕ್ಸ್ ಸರ್ವಿಸ್ ನಡೆಸಲು ಇರುವ ದಾರಿಗಳ ಹೋಲಿಕೆ

ಪುಣೆಯ ಭೋಸರಿ, ಚಿಂಚವಡ ಕಡೆ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಲೈನ್ ರಿಪೇರಿ ಅಂತ ಕರೆಂಟ್ ತೆಗೆಯುವುದೂ ಹೆಚ್ಚಾಗಿ ಅವತ್ತೇ. ಅಲ್ಲಿನ ಒಂದು ಸಣ್ಣ ಮಷೀನ್ ಶಾಪ್‌ನ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಮಾಲೀಕರು ಅಥಣಿ ಕಡೆಯವರು. ನಾನು ಅವರನ್ನು ಕಾಕಾ ಅನ್ನುತ್ತೇನೆ, ಅವರು ನನ್ನನ್ನು ತಮ್ಮಾ ಅನ್ನುತ್ತಾರೆ. ಸರ್ವರ್ ಅಂದರೆ ದೊಡ್ಡದೇನಲ್ಲ. ಸ್ಟೋರ್ ರೂಮಿನ ಮೂಲೆಯಲ್ಲಿ ಗ್ರೀಸ್ ಡಬ್ಬಗಳ ಪಕ್ಕ ಒಂದು ಟವರ್, ಅದರ ಕೆಳಗೆ ಯುಪಿಎಸ್. ಒಳಗೆ ಉಬುಂಟು ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಮಷೀನ್‌ಗಳಿಂದ ಎಣಿಕೆ ತರುವ ಒಂದು ಪೈಥಾನ್ ಪ್ರೋಗ್ರಾಂ, ಚಲನ್ ಮತ್ತು ಬಿಲ್ಲು ಮಾಡುವ ಒಂದು ಜಾವಾ ಅಪ್ಲಿಕೇಶನ್.

ಒಂದು ಶುಕ್ರವಾರ ಬೆಳಗ್ಗೆ ಕಾಕಾ ಫೋನ್ ಮಾಡಿದರು. "ತಮ್ಮಾ, ನಿನ್ನ ಸರ್ವರ್ ಎದ್ದೈತಿ, ಆದ್ರ ಕೆಲಸಕ್ಕ ಬಂದಿಲ್ಲ ನೋಡು."

ಹೋಗಿ ನೋಡಿದೆ. ಎಣಿಕೆಯ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ. ಹಿಂದಿನ ದಿನ ರಜೆಯಾದರೂ ಕಾಕಾ ಒಬ್ಬರೇ ಕೂತು ಚಲನ್ ಮಾಡುತ್ತಿದ್ದರಂತೆ. ಕೊನೆಯ ಚಲನ್‌ಗೆ ನಂಬರ್ ಇತ್ತು, ತಾರೀಕು ಇತ್ತು, ಒಳಗೆ ಸಾಮಾನಿನ ಸಾಲುಗಳೇ ಇರಲಿಲ್ಲ. ಎರಡೂ ತಪ್ಪು ನನ್ನವೇ. ಎಣಿಕೆಯ ಪ್ರೋಗ್ರಾಂ ಅನ್ನು ನೋಹಪ್ ಅನ್ನುವ ಕಮಾಂಡ್ ಹಾಕಿ ಓಡಿಸಿ, 'ಆಮೇಲೆ ಸರಿಯಾಗಿ ಮಾಡೋಣ' ಅಂದುಕೊಂಡು ದಸರೆಗೆ ಊರಿಗೆ ಹೋಗಿದ್ದೆ. ಜಾವಾ ಅಪ್ಲಿಕೇಶನ್‌ಗೆ ಸರ್ವಿಸ್, ಅಂದರೆ ಹಿಂದೆ ತಾನಾಗಿ ಓಡುತ್ತಿರುವ ವ್ಯವಸ್ಥೆ, ಬರೆದಿದ್ದೆ, ಆದರೆ ಡೇಟಾಬೇಸ್‌ಗಿಂತ ಮೊದಲು ಅದು ನಿಲ್ಲಬೇಕು ಅಂತ ಎಲ್ಲೂ ಹೇಳಿರಲಿಲ್ಲ. ಕರೆಂಟ್ ಹೋಗಿ ಸರ್ವರ್ ಶಟ್‌ಡೌನ್ ಆಗುವಾಗ ಡೇಟಾಬೇಸ್ ಮೊದಲೇ ಬಾಗಿಲು ಹಾಕಿಕೊಂಡು ಹೋಯಿತು. ಅಪ್ಲಿಕೇಶನ್ ಅರ್ಧ ಚಲನ್ ಕೈಯಲ್ಲಿ ಹಿಡಿದು ಹೊರಗೆ ನಿಂತಿತು.

ಅಲ್ಲಿಯವರೆಗೆ 'ಬೂಟ್ ಆದ ಕೂಡಲೇ ತಾನಾಗಿ ಏಳುತ್ತದಾ?' ಅಂತ ಮಾತ್ರ ನೋಡುತ್ತಿದ್ದೆ. ಏಳಿಸುವ ಕೆಲಸವನ್ನು ನೋಹಪ್ ಬಳಗ ಬಿಟ್ಟು ಕೆಳಗಿನ ಎಲ್ಲ ದಾರಿಗಳೂ ಮಾಡುತ್ತವೆ. ಹಾಗಾಗಿ ಅದರಿಂದ ಯಾವುದು ಒಳ್ಳೆಯದು ಅಂತ ತಿಳಿಯುವುದಿಲ್ಲ. ಈಗ ನಾನು ಕೇಳುವ ಮೊದಲ ಪ್ರಶ್ನೆ: ಇದನ್ನು ಯಾರು ನಿಲ್ಲಿಸುತ್ತಾರೆ, ಯಾವ ಸರದಿಯಲ್ಲಿ, ಎಷ್ಟು ಹೊತ್ತು ಕಾದು? ಬಿದ್ದರೆ ಯಾರು ಎತ್ತುತ್ತಾರೆ ಅನ್ನುವುದು ಎರಡನೆಯದು. ಏಳುವುದು ಕೊನೆಗೆ.

ಅವಸರದಲ್ಲಿ ಇರುವವರಿಗೆ

ಪ್ರೋಗ್ರಾಂ ನೇರವಾಗಿ ಸರ್ವರ್ ಮೇಲೆ ಓಡುತ್ತಿದ್ದರೆ ಸಿಸ್ಟಮ್‌ಡಿ ಯೂನಿಟ್ ಬರೆಯಿರಿ, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಏಳಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ಒಂದು ಸೂಚನೆಯ ಫೈಲ್. ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಗಳಲ್ಲಿ ಓಡಿಸುವ ಡಾಕರ್‌ನಲ್ಲಿ ಎಲ್ಲವೂ ಈಗಾಗಲೇ ಇದ್ದರೆ ಅದರ ರೀಸ್ಟಾರ್ಟ್ ಪಾಲಿಸಿಯನ್ನೇ ಬಳಸಿ, ಆದರೆ ಕೆಳಗೆ ಹೇಳಿರುವ, ಕಾಲು ಜಾರುವ ಎರಡು ಗುಂಡಿಗಳನ್ನು ನೋಡಿಕೊಳ್ಳಿ. ಒಂದೇ ಬಗೆಯ ಹತ್ತಾರು ವರ್ಕರ್ ಪ್ರೋಗ್ರಾಂಗಳಿದ್ದು, ರೂಟ್, ಅಂದರೆ ಅಡ್ಮಿನ್ ಅಧಿಕಾರ, ಇಲ್ಲದವರೂ ಅವನ್ನು ನಿಲ್ಲಿಸಿ ಏಳಿಸಬೇಕಿದ್ದರೆ ಸೂಪರ್‌ವೈಸರ್ ಅನ್ನುವ ಸಾಧನ ಪರವಾಗಿಲ್ಲ. ನೋಹಪ್, ಸ್ಕ್ರೀನ್, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಇವುಗಳ ಮೇಲೆ ದುಡ್ಡಿನ ಲೆಕ್ಕ ಇರುವ ಯಾವುದನ್ನೂ ಬಿಡಬೇಡಿ.

ಮಲಗುವುದು ಅಂದರೆ ಏನು

ಲಿನಕ್ಸ್‌ನಲ್ಲಿ ಪ್ರೋಗ್ರಾಂ ನಿಲ್ಲಿಸುವುದು ಎರಡು ಹಂತದ ಕೆಲಸ. ಮೊದಲು ಸಿಗ್‌ಟರ್ಮ್ ಅನ್ನುವ ಸಿಗ್ನಲ್ ಹೋಗುತ್ತದೆ, ಅದರ ನಂಬರ್ 15. 'ಅಂಗಡಿ ಮುಚ್ಚುವ ಹೊತ್ತಾಯಿತು, ಕೈಲಿರುವ ಗಿರಾಕಿಯನ್ನು ಮುಗಿಸು' ಅಂತ ಹೇಳಿದ ಹಾಗೆ. ಸ್ವಲ್ಪ ಕಾದರೂ ನಿಲ್ಲದಿದ್ದರೆ ಸಿಗ್‌ಕಿಲ್, ನಂಬರ್ 9. ಅದರಲ್ಲಿ ಮಾತಿಲ್ಲ, ಒಳಗೆ ಯಾರಿದ್ದರೂ ಶಟರ್ ಎಳೆಯುವುದೇ. ಸಿಗ್‌ಟರ್ಮ್ ಅನ್ನು ಪ್ರೋಗ್ರಾಂ ಹಿಡಿದು ತನ್ನ ಕೆಲಸ ಮುಗಿಸಿಕೊಳ್ಳಬಹುದು. ಸಿಗ್‌ಕಿಲ್ ಅನ್ನು ಹಿಡಿಯಲು ಆಗುವುದಿಲ್ಲ.

ಎಲ್ಲ ದಾರಿಗಳೂ ಇದನ್ನೇ ಮಾಡುವುದು. ಯಾರಿಗೆ ಮೊದಲು ಹೇಳುತ್ತಾರೆ, ಎಷ್ಟು ಕಾಯುತ್ತಾರೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಸಿಸ್ಟಮ್‌ಡಿ ಬೇರೆ ಹೇಳದಿದ್ದರೆ 90 ಸೆಕೆಂಡ್ ಕಾಯುತ್ತದೆ. ಡಾಕರ್ ಮತ್ತು ಸೂಪರ್‌ವೈಸರ್ 10 ಸೆಕೆಂಡ್. ಈ ಒಂದು ವ್ಯತ್ಯಾಸದಿಂದಲೇ ಒಂದು ಕಡೆ ಚೆನ್ನಾಗಿದ್ದ ಪ್ರೋಗ್ರಾಂ ಇನ್ನೊಂದು ಕಡೆ ಹೋದ ಮೇಲೆ ರಗಳೆ ಶುರು ಮಾಡುತ್ತದೆ.

ಲಾಗ್‌ನಲ್ಲಿ 137 ಅಂತ ಕಂಡರೆ 128ಕ್ಕೆ 9 ಸೇರಿಸಿದ್ದು, ಅಂದರೆ ಶಟರ್ ಎಳೆದಿದ್ದಾರೆ. 143 ಕಂಡರೆ 128ಕ್ಕೆ 15, ಹೇಳಿದ ಮಾತು ಕೇಳಿ ನಿಂತಿದೆ. ಈ ಎರಡು ನಂಬರ್ ಬಾಯಿಪಾಠ ಇರಲಿ.

ನೋಹಪ್, ಸ್ಕ್ರೀನ್, ಟಿಮಕ್ಸ್

ನೋಹಪ್ ಮಾಡುವುದು ಒಂದೇ ಕೆಲಸ. ನೀವು ಲಾಗೌಟ್ ಆದಾಗ ಬರುವ ಸಿಗ್‌ಹಪ್‌ಗೆ ಪ್ರೋಗ್ರಾಂ ಕಿವಿಗೊಡದ ಹಾಗೆ ಮಾಡುತ್ತದೆ. ಬಿದ್ದರೆ ಎತ್ತುವುದಿಲ್ಲ, ಬೂಟ್ ಆದಾಗ ಏಳಿಸುವುದಿಲ್ಲ, ಶಟ್‌ಡೌನ್ ವೇಳೆ ಡೇಟಾಬೇಸ್ ಮೊದಲೋ ಇದು ಮೊದಲೋ ಅಂತ ಕೇಳುವವರಿಲ್ಲ. ಸ್ಕ್ರೀನ್, ಟಿಮಕ್ಸ್ ಇನ್ನೂ ಸ್ವಲ್ಪ ಅನುಕೂಲ, ಬಿಟ್ಟು ಬಂದ ಟರ್ಮಿನಲ್‌ಗೆ ಮರಳಿ ಹೋಗಿ ನೋಡಬಹುದು ಅಷ್ಟೇ. ಒಂದು ರಾತ್ರಿಯ ಡೇಟಾ ಕಾಪಿಗೆ ಸರಿ. 'ತಾತ್ಕಾಲಿಕ' ಅಂತ ಹಾಕಿದ್ದು ಎರಡು ವರ್ಷ ಓಡುತ್ತದೆ, ಅದೇ ಇದರ ಕಷ್ಟ.

ಕ್ರಾನ್‌ನ ಅಟ್-ರೀಬೂಟ್ ಮತ್ತು ಆರ್‌ಸಿ ಡಾಟ್ ಲೋಕಲ್

ಹಿಂಜೆವಾಡಿಯಲ್ಲಿ ನನ್ನ ಜೊತೆ ರೂಮ್‌ನಲ್ಲಿದ್ದ ಧಾರವಾಡದ ಗೆಳೆಯ ಎಲ್ಲದಕ್ಕೂ ಕ್ರಾನ್ ಅನ್ನುತ್ತಿದ್ದ. ಒಂದು ಸಾಲು ಬರೆದರೆ ಮುಗಿಯಿತು, ರೂಟ್ ಕೂಡ ಬೇಡ. ಅದು ನಿಜ. ಆದರೆ ಕ್ರಾನ್ ಏಳಿಸಿ ಕೈತೊಳೆದುಕೊಳ್ಳುತ್ತದೆ. ಹತ್ತು ನಿಮಿಷದ ಮೇಲೆ ಪ್ರೋಗ್ರಾಂ ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ನೆಟ್‌ವರ್ಕ್ ಬಂದಿದೆಯಾ, ಡೇಟಾಬೇಸ್ ಎದ್ದಿದೆಯಾ ಅಂತಲೂ ನೋಡುವುದಿಲ್ಲ. ಅದಕ್ಕೇ ಜನ 'ಸ್ಲೀಪ್ 60' ಅಂತ ಮುಂದೆ ಹಾಕಿಕೊಳ್ಳುತ್ತಾರೆ. ಡಿಸ್ಕ್ ಹಳೆಯದಾದ ಮೇಲೆ ಅದು 'ಸ್ಲೀಪ್ 120' ಆಗುತ್ತದೆ. ಇನ್ನೊಂದು ಕಿರಿಕಿರಿ ಪಾತ್, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ. ಕ್ರಾನ್‌ಗೆ ನಿಮ್ಮ ಲಾಗಿನ್‌ನ ಪಾತ್ ಇರುವುದಿಲ್ಲ. ಕೈಯಿಂದ ಓಡಿಸಿದರೆ ಓಡುತ್ತದೆ, ಬೂಟ್‌ನಲ್ಲಿ ಓಡುವುದಿಲ್ಲ.

ಆರ್‌ಸಿ ಡಾಟ್ ಲೋಕಲ್ ಅನ್ನುವ ಬೂಟ್ ಸ್ಕ್ರಿಪ್ಟ್ ಹಳೆ ಕಾಲದ ಹಿತ್ತಿಲ ಬಾಗಿಲು. ಆ ಫೈಲ್ ಇದ್ದು ಎಕ್ಸಿಕ್ಯೂಟಬಲ್, ಅಂದರೆ ಓಡಿಸಲು ಅನುಮತಿ ಇರುವಂಥದ್ದು, ಆಗಿದ್ದರೆ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಸಿಸ್ಟಮ್‌ಡಿ ಅದನ್ನು ಓಡಿಸುತ್ತದೆ. ಒಂದು ಸಲ ಏನಾದರೂ ಸೆಟ್ ಮಾಡಿ ಬಿಡುವ ಕೆಲಸಕ್ಕೆ ಇರಲಿ. ಹೊಸದಾಗಿ ಬರೆಯಲು ಕಾರಣವಿಲ್ಲ.

ಹಳೆಯ ಇನಿಟ್ ಸ್ಕ್ರಿಪ್ಟ್

ಭೋಸರಿಯ ಕಡೆ ಇನ್ನೂ ಸೆಂಟ್‌ಓಎಸ್ 6 ಅನ್ನುವ ಹಳೆ ಲಿನಕ್ಸ್ ಓಡುತ್ತಿರುವ ಪೆಟ್ಟಿಗೆಗಳನ್ನು ನೋಡಿದ್ದೇನೆ. ಅದಕ್ಕೆ ಅಪ್‌ಡೇಟ್ ನಿಂತಿದ್ದು 2020ರ ನವೆಂಬರ್ 30ಕ್ಕೆ. ಆದರೆ ಮಷೀನ್ ಜೊತೆ ಬಂದ ಸಾಫ್ಟ್‌ವೇರ್ ಬೇರೆಯದರ ಮೇಲೆ ಓಡಲ್ಲ ಅನ್ನುತ್ತಾರೆ, ಏನು ಮಾಡುವುದು. ಅಲ್ಲಿ ಪ್ರತಿ ರನ್‌ಲೆವೆಲ್‌ಗೂ, ಅಂದರೆ ಸಿಸ್ಟಮ್ ಇರುವ ಪ್ರತಿ ಸ್ಥಿತಿಗೂ, ಒಂದು ಫೋಲ್ಡರ್, ಒಳಗೆ ಎಸ್ ಮತ್ತು ಕೆ ಅಕ್ಷರದಿಂದ ಶುರುವಾಗುವ ಲಿಂಕ್‌ಗಳು. ಎಸ್ ಅಂದರೆ ಸ್ಟಾರ್ಟ್, ಕೆ ಅಂದರೆ ಕಿಲ್, ಮುಂದಿನ ಎರಡಂಕಿ ಸರದಿ. ಏಳುವ ಸರದಿ, ಮಲಗುವ ಸರದಿ ಎರಡನ್ನೂ ಕೈಯಾರೆ ಹೇಳಬೇಕು. ನಿಜ ಹೇಳಬೇಕೆಂದರೆ ಇದರಲ್ಲಿ ನನಗೆ ಇಷ್ಟವಾಗುವುದು ಅದೇ. ಮಲಗಿಸುವುದನ್ನು ಮರೆಯಲು ಬಿಡುವುದಿಲ್ಲ.

ಒಂದು ಗುಂಡಿ ಮಾತ್ರ ಇದೆ, ಇದರಲ್ಲಿ ಬಿದ್ದವರು ಬಹಳ. ರೆಡ್‌ಹ್ಯಾಟ್ ಬಳಗದ ಹಳೆ ಸಿಸ್ಟಮ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ನಿಮ್ಮ ಸ್ಕ್ರಿಪ್ಟ್ ವಾರ್-ಲಾಕ್-ಸಬ್‌ಸಿಸ್ ಫೋಲ್ಡರ್‌ನಲ್ಲಿ ತನ್ನ ಹೆಸರಿನ ಒಂದು ಖಾಲಿ ಫೈಲ್ ಇಡಬೇಕು. ಅದು ಇಲ್ಲದಿದ್ದರೆ ಶಟ್‌ಡೌನ್ ವೇಳೆ 'ಇವನು ಎದ್ದೇ ಇಲ್ಲ' ಅಂತ ತಿಳಿದು ಸ್ಟಾಪ್ ಕರೆಯುವುದೇ ಇಲ್ಲ. ಕೈಯಿಂದ ಸ್ಟಾಪ್ ಕೊಟ್ಟು ನೋಡಿದಾಗ ಎಲ್ಲ ಸರಿ ಇರುತ್ತದೆ. ರೀಬೂಟ್‌ನಲ್ಲಿ ಮಾತ್ರ ಡೇಟಾ ಹಾಳು.

ಸಿಸ್ಟಮ್‌ಡಿ

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು ಶುರು ಮಾಡಿದರು. ಲಿನಕ್ಸ್‌ನ ಬಗೆಗಳಲ್ಲಿ ಇದು 2011ರ ಫೆಡೋರಾ 15ರಲ್ಲಿ ಬಂತು, 2014ರಲ್ಲಿ ರೆಡ್‌ಹ್ಯಾಟ್ 7ಕ್ಕೆ, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04ಕ್ಕೆ. ಅದಕ್ಕೂ ಮೊದಲು ಉಬುಂಟುವಿನಲ್ಲಿ ಇದೇ ಕೆಲಸಕ್ಕೆ ಅಪ್‌ಸ್ಟಾರ್ಟ್ ಅಂತ ಒಂದಿತ್ತು, 2006ರಿಂದ. ಸಿಸ್ಟಮ್‌ಡಿ ಬೇಕೋ ಬೇಡವೋ ಅಂತ ಡೆಬಿಯನ್‌ನವರು ದೊಡ್ಡ ಜಗಳ ಆಡಿ, ಒಂದು ಗುಂಪು ಬೇರೆ ಮನೆ ಮಾಡಿ ಡೆವುವಾನ್ ಅಂತ ಹೆಸರಿಟ್ಟುಕೊಂಡಿತು. ಆ ಜಗಳದಲ್ಲಿ ಎರಡೂ ಕಡೆ ಸತ್ಯವಿದೆ, ಆದರೆ ನಮ್ಮ ಕಾಕಾನ ಸರ್ವರ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಅಲ್ಲಿ ಇರುವುದು ಸಿಸ್ಟಮ್‌ಡಿ.

ನಾನು ಆ ಶುಕ್ರವಾರ ಸ್ಟೋರ್ ರೂಮಿನಲ್ಲೇ ಕೂತು ಎಣಿಕೆಯ ಪ್ರೋಗ್ರಾಂಗೆ ಬರೆದ ಯೂನಿಟ್‌ನ ಮುಖ್ಯ ಸಾಲುಗಳು ಇವು. ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು, ಎರಡು ಹೆಸರಿನ ನಡುವೆ ಕಾಮಾ ಅಲ್ಲ, ಬರೀ ಖಾಲಿ ಜಾಗ.

ಆಫ್ಟರ್ = ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಸರ್ವಿಸ್
ವಾಂಟ್ಸ್ = ನೆಟ್‌ವರ್ಕ್-ಆನ್‌ಲೈನ್ ಡಾಟ್ ಟಾರ್ಗೆಟ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಸರ್ವಿಸ್
ರೀಸ್ಟಾರ್ಟ್ = ಆನ್-ಫೇಲ್ಯೂರ್
ರೀಸ್ಟಾರ್ಟ್‌ಸೆಕ್ = 10
ಟೈಮ್‌ಔಟ್‌ಸ್ಟಾಪ್‌ಸೆಕ್ = 30

ಮೊದಲ ಸಾಲಿನಲ್ಲೇ ಇಡೀ ವಿಷಯ ಇದೆ. ಆಫ್ಟರ್ ಅಂದರೆ ಏಳುವಾಗ ಪೋಸ್ಟ್‌ಗ್ರೆಸ್ ಆದ ಮೇಲೆ ನಾನು. ಮಲಗುವಾಗ ಅದೇ ಸಾಲು ತಿರುಗುಮುರುಗಾಗುತ್ತದೆ. ಮೊದಲು ನಾನು ನಿಲ್ಲುತ್ತೇನೆ, ನಾನು ಪೂರ್ತಿ ನಿಂತ ಮೇಲೆ ಪೋಸ್ಟ್‌ಗ್ರೆಸ್. ಬೇರೆ ಏನೂ ಬರೆಯಬೇಕಿಲ್ಲ. ಕಾಕಾನ ಅರ್ಧ ಚಲನ್‌ಗೆ ಮದ್ದು, ಜಾವಾ ಅಪ್ಲಿಕೇಶನ್‌ನ ಯೂನಿಟ್‌ನಲ್ಲೂ ಪೋಸ್ಟ್‌ಗ್ರೆಸ್ ಹೆಸರಿನ ಈ ಒಂದು ಸಾಲು. ಚಲನ್ ಮತ್ತು ಅದರ ಸಾಲುಗಳನ್ನು, ಬಂದರೆ ಎಲ್ಲ ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕದಿದ್ದದ್ದು ಬೇರೆ ತಪ್ಪು, ಅದನ್ನೂ ಆಮೇಲೆ ಸರಿ ಮಾಡಿದೆ.

ಆಫ್ಟರ್ ಬರೀ ಸರದಿ ಹೇಳುತ್ತದೆ. 'ಅದು ಬೇಕು' ಅಂತ ಹೇಳುವುದು ವಾಂಟ್ಸ್ ಅಥವಾ ರಿಕ್ವೈರ್ಸ್. ರಿಕ್ವೈರ್ಸ್ ಬರೆದರೆ ಡೇಟಾಬೇಸ್ ನಿಲ್ಲಿಸಿದ ಕೂಡಲೇ ನಿಮ್ಮದನ್ನೂ ನಿಲ್ಲಿಸುತ್ತದೆ. ಕೆಲವರಿಗೆ ಅದು ಬೇಕು. ನನಗೆ ಹೆಚ್ಚಾಗಿ ವಾಂಟ್ಸ್ ಸಾಕು.

ರೀಸ್ಟಾರ್ಟ್‌ಸೆಕ್ ಬಗ್ಗೆ ಸ್ವಲ್ಪ ನಿಲ್ಲೋಣ. ಮೊದಲು ನಾನು ಈ ಸಾಲು ಬರೆದಿರಲಿಲ್ಲ. ಮುಂದಿನ ಗುರುವಾರ ಕರೆಂಟ್ ಬಂದಾಗ ಸರ್ವರ್ ಒಂದು ನಿಮಿಷದೊಳಗೆ ಎದ್ದು ಕೂತಿತು. ಆದರೆ ಮಷೀನ್‌ಗಳ ಕಡೆಯ ನೆಟ್‌ವರ್ಕ್ ಸ್ವಿಚ್ ಏಳಲು ಎರಡು ನಿಮಿಷ ಬೇಕು. ಎಣಿಕೆಯ ಪ್ರೋಗ್ರಾಂ ಮಷೀನ್ ಸಿಗದೆ ಬಿತ್ತು. ಸಿಸ್ಟಮ್‌ಡಿ ಎತ್ತಿತು, ಮತ್ತೆ ಬಿತ್ತು. ಬೇರೆ ಹೇಳದಿದ್ದರೆ ಅದು ಎತ್ತುವ ಮೊದಲು ಕಾಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಹತ್ತು ಸೆಕೆಂಡಿನೊಳಗೆ ಐದು ಸಲ ಎತ್ತಿಯೂ ಬಿದ್ದರೆ ಕೈಬಿಡುತ್ತದೆ. ಸ್ವಿಚ್ ಇನ್ನೂ ಹಳದಿ ದೀಪ ಮಿಟುಕಿಸುತ್ತಿರುವಾಗಲೇ ಐದೂ ಮುಗಿದು ಹೋಗಿತ್ತು. ಆಮೇಲೆ ಸ್ವಿಚ್ ಎದ್ದಿತು, ಮಷೀನ್‌ಗಳು ಎದ್ದವು, ಪ್ರೋಗ್ರಾಂ ಮಾತ್ರ ಇಡೀ ದಿನ 'ಫೇಲ್ಡ್' ಅಂತ ಕೆಂಪಗೆ ಬಿದ್ದಿತ್ತು. ಹತ್ತು ಸೆಕೆಂಡ್ ಬಿಟ್ಟು ಎತ್ತು ಅಂದರೆ ಆ ಲೆಕ್ಕಕ್ಕೇ ಸಿಗುವುದಿಲ್ಲ. ಎಷ್ಟು ಹೊತ್ತಾದರೂ ಪ್ರಯತ್ನಿಸುತ್ತಾ ಇರುತ್ತದೆ. ನೆಟ್‌ವರ್ಕ್-ಆನ್‌ಲೈನ್ ಇತ್ತಲ್ಲ ಅಂತ ಕೇಳಬಹುದು. ಅದು ನೋಡುವುದು ಸರ್ವರ್‌ನ ಸ್ವಂತ ನೆಟ್‌ವರ್ಕ್ ಸಿದ್ಧವಿದೆಯಾ ಅಂತ. ಆಚೆ ಬದಿಯ ಮಷೀನ್ ಮಾತಾಡುತ್ತದಾ ಅಂತಲ್ಲ.

ರೀಸ್ಟಾರ್ಟ್‌ನಲ್ಲಿ ಆನ್-ಫೇಲ್ಯೂರ್ ಹಾಕಬೇಕೋ ಆಲ್ವೇಸ್ ಹಾಕಬೇಕೋ? ಪ್ರೋಗ್ರಾಂ ತಾನಾಗಿ ಕೆಲಸ ಮುಗಿಸಿ ಸುಮ್ನೆ ಹೊರಗೆ ಬರುವ ಜಾತಿಯದಾದರೆ ಆನ್-ಫೇಲ್ಯೂರ್. ಯಾವತ್ತೂ ಹೊರಗೆ ಬರಬಾರದ್ದಾದರೆ ಆಲ್ವೇಸ್. ಎರಡರಲ್ಲೂ ನೀವೇ ಸ್ಟಾಪ್ ಕೊಟ್ಟರೆ ಮತ್ತೆ ಏಳಿಸುವುದಿಲ್ಲ, ಹೆದರಬೇಡಿ.

ಟೈಪ್ ಅನ್ನುವ ಸಾಲಿನಲ್ಲಿ ಎಡವುವವರು ಜಾಸ್ತಿ. ಬರೆಯದಿದ್ದರೆ ಅದು ಸಿಂಪಲ್. ಅಂದರೆ ಪ್ರೋಗ್ರಾಂ ಮುಂದೆಯೇ ನಿಂತು ಓಡುತ್ತದೆ ಅಂತ ನಂಬಿಕೆ. ನಿಮ್ಮ ಸ್ಟಾರ್ಟ್ ಸ್ಕ್ರಿಪ್ಟ್ ಪ್ರೋಗ್ರಾಂ ಅನ್ನು ಹಿಂದಕ್ಕೆ ತಳ್ಳಿ ತಾನು ಮುಗಿದು ಹೋದರೆ, ಸಿಸ್ಟಮ್‌ಡಿ 'ಕೆಲಸ ಮುಗಿಯಿತು' ಅಂದುಕೊಂಡು ಹಿಂದೆ ಉಳಿದವರನ್ನೂ ಗುಡಿಸಿ ಹಾಕುತ್ತದೆ. ಎದ್ದ ಹಾಗೆ ಆಗಿ ಸತ್ತು ಹೋಗುವ ಸರ್ವಿಸ್‌ಗಳಲ್ಲಿ ಅರ್ಧ ಇದೇ ಕಾಯಿಲೆ. ಮದ್ದು: ಸ್ಕ್ರಿಪ್ಟ್ ಬಿಟ್ಟು ಪ್ರೋಗ್ರಾಂ ಅನ್ನೇ ಏಳಿಸುವ ಕಮಾಂಡ್ ಬರೆಯುವ ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ನೇರವಾಗಿ ಕರೆಯಿರಿ. ಹಿಂದಕ್ಕೆ ತಳ್ಳುವುದನ್ನು ತಪ್ಪಿಸಲು ಆಗದಿದ್ದರೆ ಮಾತ್ರ ಟೈಪ್ ಸಾಲಿನಲ್ಲಿ ಫೋರ್ಕಿಂಗ್.

ಜಾವಾ ಇದ್ದವರಿಗೆ ಒಂದು ಮಾತು. ಜಾವಾ ಸಿಗ್‌ಟರ್ಮ್ ಕೇಳಿ ಚೆನ್ನಾಗಿಯೇ ನಿಂತು 143 ಅಂತ ಹೇಳಿ ಹೊರಡುತ್ತದೆ. ಸಿಸ್ಟಮ್‌ಡಿಗೆ ಅದು ತಪ್ಪಿನ ಹಾಗೆ ಕಂಡು ಫೇಲ್ಡ್ ಅಂತ ಬರೆಯುತ್ತದೆ. ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್ ಸಾಲಿನಲ್ಲಿ 143 ಹಾಕಿಬಿಡಿ. ಎಕ್ಸೆಕ್‌ಸ್ಟಾಪ್‌ನಲ್ಲಿ 'ಕಿಲ್ ಮೈನಸ್ 9' ಬರೆದಿರುವ ಯೂನಿಟ್‌ಗಳನ್ನೂ ಕಂಡಿದ್ದೇನೆ. ಯಾರೋ ಒಮ್ಮೆ ಅವಸರದಲ್ಲಿ ಬರೆದದ್ದು, ಆಮೇಲೆ ಎಲ್ಲ ಸರ್ವರ್‌ಗಳಿಗೂ ಕಾಪಿ ಆಗಿದ್ದು. ಆ ಸಾಲು ಅಳಿಸಿದರೆ ಸಾಕು, ಸಿಸ್ಟಮ್‌ಡಿ ತಾನೇ ಸಿಗ್‌ಟರ್ಮ್ ಕಳಿಸುತ್ತದೆ.

ಇನ್ನು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು: ಸ್ಟಾರ್ಟ್ ಕೊಟ್ಟು ಎನೇಬಲ್ ಮರೆಯುವುದು. ಸ್ಟಾರ್ಟ್ ಇವತ್ತಿಗೆ, ಎನೇಬಲ್ ನಾಳೆಯ ಬೂಟ್‌ಗೆ. ಒಟ್ಟಿಗೆ ಬೇಕಾದರೆ ಎನೇಬಲ್‌ಗೆ ನೌ ಸೇರಿಸಿ. ಯಾರೂ, ಯಾವ ಕಾರಣಕ್ಕೂ ಏಳಿಸಬಾರದು ಅಂದರೆ ಡಿಸೇಬಲ್ ಸಾಲದು, ಮಾಸ್ಕ್ ಮಾಡಬೇಕು. ಪ್ಯಾಕೇಜ್ ಜೊತೆ ಬಂದ ಯೂನಿಟ್ ಫೈಲನ್ನು ನೇರವಾಗಿ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಒರೆಸಿಬಿಡುತ್ತದೆ. ಸಿಸ್ಟಮ್‌ಡಿಯ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್‌ಗೆ ಎಡಿಟ್ ಕೊಟ್ಟರೆ ನಿಮ್ಮ ಸಾಲುಗಳು ಬೇರೆ ಫೈಲಿನಲ್ಲಿ ಕೂರುತ್ತವೆ.

ಸೂಪರ್‌ವೈಸರ್

ಪೈಥಾನ್‌ನಲ್ಲಿ ಬರೆದ ಹಳೆಯ, ನಂಬಿಕೆಯ ಸಾಧನ. ಇದರ ಸೊಗಸು ಒಂದೇ ಜಾಗದಲ್ಲಿ ಎಲ್ಲ ವರ್ಕರ್‌ಗಳ ಪಟ್ಟಿ. ನಮ್‌ಪ್ರಾಕ್ಸ್ 12 ಅಂದರೆ ಹನ್ನೆರಡು ವರ್ಕರ್. ಡೆವಲಪರ್‌ಗಳಿಗೆ ರೂಟ್ ಕೊಡದೆ ಅವರ ಸರ್ವಿಸ್‌ಗಳನ್ನು ಅವರೇ ನಿಲ್ಲಿಸಿ ಏಳಿಸಲು ಬಿಡಬಹುದು. ಸಿಸ್ಟಮ್‌ಡಿಯಲ್ಲೂ ಅಟ್ ಗುರುತಿನ ಟೆಂಪ್ಲೇಟ್ ಯೂನಿಟ್‌ನಿಂದ ಇದೇ ಕೆಲಸ ಆಗುತ್ತದೆ, ಯೂಸರ್ ಸರ್ವಿಸ್‌ಗೆ ಅಡ್ಮಿನ್ ಒಮ್ಮೆ ಲಿಂಗರ್, ಅಂದರೆ ಲಾಗೌಟ್ ಆದರೂ ಓಡಲು ಬಿಡುವ ಆಯ್ಕೆ, ಆನ್ ಮಾಡಿಕೊಟ್ಟರೆ ರೂಟ್ ಕೂಡ ಬೇಡ. ಆದರೆ ಸೂಪರ್‌ವೈಸರ್‌ನಷ್ಟು ಸರಳವಾಗಿ ಕಾಣುವುದಿಲ್ಲ, ಒಪ್ಪುತ್ತೇನೆ.

ಮಲಗುವ ವಿಷಯಕ್ಕೆ ಬಂದರೆ ಇಲ್ಲಿ ಎರಡು ಗಡಿಯಾರ. ಒಳಗೆ ಸೂಪರ್‌ವೈಸರ್ ತನ್ನ ವರ್ಕರ್‌ಗಳಿಗೆ ಸ್ಟಾಪ್‌ವೇಟ್‌ಸೆಕ್ಸ್ ಪ್ರಕಾರ 10 ಸೆಕೆಂಡ್ ಕೊಡುತ್ತದೆ. ಹೊರಗೆ ಸೂಪರ್‌ವೈಸರ್‌ಗೇ ಸಿಸ್ಟಮ್‌ಡಿ 90 ಸೆಕೆಂಡ್ ಕೊಡುತ್ತದೆ. ನಿಮ್ಮ ವರ್ಕರ್‌ಗೆ ಎರಡು ನಿಮಿಷ ಬೇಕಿದ್ದರೆ ಎರಡೂ ಕಡೆ ತಿದ್ದಬೇಕು. ಒಳಗಿನದನ್ನು ಮಾತ್ರ ತಿದ್ದಿ ಹೊರಗಿನದನ್ನು ಮರೆಯುವುದು ಮಾಮೂಲಿ. ಜೊತೆಗೆ, ವರ್ಕರ್ ಮಕ್ಕಳನ್ನು ಹುಟ್ಟಿಸುವ ಜಾತಿಯದಾದರೆ ಸ್ಟಾಪ್‌ಆಸ್‌ಗ್ರೂಪ್ ಆನ್ ಇರಲಿ. ಇಲ್ಲದಿದ್ದರೆ ಅಪ್ಪ ಹೋದ ಮೇಲೂ ಮಕ್ಕಳು ಪೋರ್ಟ್ ಹಿಡಿದುಕೊಂಡು ಕೂತಿರುತ್ತವೆ. ಸಿಸ್ಟಮ್‌ಡಿಯಲ್ಲಿ ಈ ಚಿಂತೆ ಇಲ್ಲ. ಅದು ಇಡೀ ಕಂಟ್ರೋಲ್ ಗ್ರೂಪ್‌ಗೆ, ಅಂದರೆ ಅಪ್ಪ ಮಕ್ಕಳು ಎಲ್ಲರಿಗೂ, ಹೇಳುತ್ತದೆ.

ಹೊಸ ಕೆಲಸಕ್ಕೆ ನಾನು ಸೂಪರ್‌ವೈಸರ್ ಆರಿಸುವುದಿಲ್ಲ. ಇರುವ ಕಡೆ ಕೀಳುವುದೂ ಇಲ್ಲ.

ಡಾಕರ್

ಇಲ್ಲಿ ನಾಲ್ಕು ರೀಸ್ಟಾರ್ಟ್ ಪಾಲಿಸಿ: ನೋ, ಆನ್-ಫೇಲ್ಯೂರ್, ಆಲ್ವೇಸ್, ಅನ್‌ಲೆಸ್-ಸ್ಟಾಪ್ಡ್. ಕೊನೆಯ ಎರಡರ ವ್ಯತ್ಯಾಸ ಒಂದೇ. ನೀವು ಕೈಯಿಂದ ನಿಲ್ಲಿಸಿದ ಕಂಟೇನರ್ ರೀಬೂಟ್ ಆದ ಮೇಲೆ ಆಲ್ವೇಸ್‌ನಲ್ಲಿ ಮತ್ತೆ ಏಳುತ್ತದೆ, ಅನ್‌ಲೆಸ್-ಸ್ಟಾಪ್ಡ್‌ನಲ್ಲಿ ಏಳುವುದಿಲ್ಲ. ರಿಪೇರಿಗೆ ಅಂತ ನಿಲ್ಲಿಸಿದ್ದು ರಾತ್ರಿ ತಾನಾಗಿ ಎದ್ದು ಗಿರಾಕಿಗಳಿಗೆ ಮೆಸೇಜ್ ಕಳಿಸಿದ್ದನ್ನು ಒಮ್ಮೆ ಕಂಡ ಮೇಲೆ ನಾನು ಅನ್‌ಲೆಸ್-ಸ್ಟಾಪ್ಡ್ ಬಿಟ್ಟು ಬೇರೆ ಹಾಕಿಲ್ಲ.

ಮೊದಲ ಗುಂಡಿ: ಕಂಟೇನರ್ ಒಳಗೆ ನಿಮ್ಮ ಪ್ರೋಗ್ರಾಂ ಒಂದನೇ ನಂಬರ್ ಪ್ರೋಸೆಸ್. ಕಂಟೇನರ್ ಹೇಗಿರಬೇಕು ಅಂತ ಹೇಳುವ ಡಾಕರ್‌ಫೈಲ್‌ನಲ್ಲಿ ಕಮಾಂಡನ್ನು ಬರೀ ಸಾಲಾಗಿ ಬರೆದರೆ ಒಂದನೆಯದು ಶೆಲ್, ಅಂದರೆ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ, ಆಗುತ್ತದೆ. ನಿಮ್ಮ ಪ್ರೋಗ್ರಾಂ ಅದರ ಮಗು. ಸಿಗ್‌ಟರ್ಮ್ ಶೆಲ್‌ಗೆ ಬರುತ್ತದೆ, ಶೆಲ್ ಅದನ್ನು ಮಗುವಿಗೆ ಹೇಳುವುದಿಲ್ಲ. ಹತ್ತು ಸೆಕೆಂಡ್ ಎಲ್ಲರೂ ಸುಮ್ನೆ ಕೂತಿರುತ್ತಾರೆ, ಆಮೇಲೆ ಶಟರ್. ಡಾಕರ್ ಸ್ಟಾಪ್ ಕೊಟ್ಟಾಗ ಪ್ರತಿ ಸಲ ಸರಿಯಾಗಿ ಹತ್ತು ಸೆಕೆಂಡ್ ಹಿಡಿಯುತ್ತಿದ್ದರೆ ನಿಮಗೂ ಇದೇ ಆಗುತ್ತಿದೆ, ಅಲ್ವಾ? ಚೌಕ ಕಂಸದ ಒಳಗೆ, ಉದ್ಧರಣ ಚಿಹ್ನೆ ಹಾಕಿ, ಪದ ಪದ ಬಿಡಿಸಿ ಬರೆಯುವ ಎಕ್ಸೆಕ್ ರೂಪ ಬಳಸಿ. ಪ್ರೋಗ್ರಾಂ ಸಿಗ್‌ಟರ್ಮ್ ಹಿಡಿಯುವಂತೆ ಬರೆದದ್ದಲ್ಲದಿದ್ದರೆ ಒಂದನೇ ಜಾಗದಲ್ಲಿ ಸಿಗ್ನಲ್ ದಾಟಿಸುವ ಪುಟ್ಟ ಪ್ರೋಗ್ರಾಂ ಕೂರಿಸುವ ಇನಿಟ್ ಆಯ್ಕೆಯನ್ನೂ ಆನ್ ಮಾಡಿ. ಒಂದನೇ ನಂಬರ್‌ನವರು ತಾವಾಗಿ ಹಿಡಿಯದ ಸಿಗ್‌ಟರ್ಮ್ ಅನ್ನು ಕರ್ನೆಲ್ ಅವರಿಗೆ ಮುಟ್ಟಿಸುವುದೇ ಇಲ್ಲ.

ಎರಡನೇ ಗುಂಡಿ: ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಕಂಪೋಸ್ ಫೈಲಿನಲ್ಲಿ ಡಿಪೆಂಡ್ಸ್-ಆನ್ ಬರೆದಿದ್ದೇವೆ, ಸರದಿ ಆಯಿತು ಅಂತ ನಂಬುತ್ತೇವೆ. ಆ ಸರದಿ ನೀವು ಕಂಪೋಸ್ ಕಮಾಂಡ್ ಕೊಟ್ಟಾಗ ಮಾತ್ರ. ಕರೆಂಟ್ ಹೋಗಿ ಬಂದಾಗ ಕಂಟೇನರ್‌ಗಳನ್ನು ಏಳಿಸುವುದು ಡಾಕರ್ ಡೀಮನ್, ಅಂದರೆ ಹಿಂದೆ ಓಡುವ ಡಾಕರ್‌ನ ಮುಖ್ಯ ಪ್ರೋಗ್ರಾಂ. ಅದಕ್ಕೆ ಕಂಪೋಸ್ ಫೈಲ್ ಗೊತ್ತೇ ಇಲ್ಲ. ಹಾಗಾಗಿ ಡೇಟಾಬೇಸ್ ಸಿಗದಿದ್ದರೆ ಕಾದು ಮತ್ತೆ ಪ್ರಯತ್ನಿಸುವ ಬುದ್ಧಿ ಅಪ್ಲಿಕೇಶನ್‌ಗೇ ಇರಬೇಕು. ಕೆಲವರು ಕಂಪೋಸನ್ನೇ ಒಂದು ಸಿಸ್ಟಮ್‌ಡಿ ಯೂನಿಟ್ ಒಳಗೆ ಇಡುತ್ತಾರೆ. ಸರಿಯೇ, ಆದರೆ ಆಗ ರೀಸ್ಟಾರ್ಟ್ ಪಾಲಿಸಿಯನ್ನು ನೋ ಮಾಡಿ. ಇಬ್ಬರು ಯಜಮಾನರಿದ್ದರೆ ಒಬ್ಬ ನಿಲ್ಲಿಸಿದ್ದನ್ನು ಇನ್ನೊಬ್ಬ ಏಳಿಸುತ್ತಾನೆ.

ಡೇಟಾಬೇಸನ್ನು ಕಂಟೇನರ್‌ನಲ್ಲಿ ಇಟ್ಟಿದ್ದರೆ ನಿಲ್ಲಲು ಕಾಯುವ ಹೊತ್ತು, ಅಂದರೆ ಸ್ಟಾಪ್-ಗ್ರೇಸ್-ಪೀರಿಯಡ್, ಹತ್ತು ಸೆಕೆಂಡಿನಿಂದ ಮೇಲೆ ಏರಿಸಿ. ಮರಿಯಾಡಿಬಿ ಅನ್ನುವ ಡೇಟಾಬೇಸ್ ತನ್ನ ಸಿಸ್ಟಮ್‌ಡಿ ಯೂನಿಟ್‌ನಲ್ಲಿ ನಿಲ್ಲಲು 900 ಸೆಕೆಂಡ್ ಇಟ್ಟುಕೊಂಡಿದೆ. ಅದನ್ನು ಹತ್ತು ಸೆಕೆಂಡಿಗೆ ಕೊಂದು, ಏಳುವಾಗ ರಿಕವರಿ ಯಾಕೆ ಮಾಡುತ್ತಿದೆ ಅಂತ ಕೇಳಿದರೆ ಹೇಗೆ.

ಆಲ್ಪೈನ್‌ನ ಓಪನ್‌ಆರ್‌ಸಿ, ವಾಯ್ಡ್‌ನ ರನ್ನಿಟ್ ಇವೂ ಇವೆ. ಆ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಆ ಬಗೆ, ಬಳಸುವವರು ಅವನ್ನೇ ಬಳಸಬೇಕು. ಬರೀ ಇದಕ್ಕಾಗಿ ಡಿಸ್ಟ್ರೋ ಬದಲಿಸುವ ಅಗತ್ಯವಿಲ್ಲ.

ಯುಪಿಎಸ್ ಲೆಕ್ಕ

ಮುಂಬೈಯಲ್ಲಿ ಕರೆಂಟ್ ಹೋಗುವುದೇ ಇಲ್ಲ ಅನ್ನುವ ನೆಂಟರು ನನಗಿದ್ದಾರೆ. 2020ರ ಅಕ್ಟೋಬರ್ 12ರ ಬೆಳಗ್ಗೆ ಇಡೀ ನಗರದ ಕರೆಂಟ್ ಹೋಗಿ ಲೋಕಲ್ ಟ್ರೇನ್‌ಗಳು ನಿಂತಲ್ಲೇ ನಿಂತ ಮೇಲೆ ಅವರೂ ಯುಪಿಎಸ್ ಕೊಂಡರು.

ಯುಪಿಎಸ್ ಇದ್ದರೆ ಸಾಲದು, ಅದು ಸರ್ವರ್‌ಗೆ 'ಬ್ಯಾಟರಿ ಮುಗಿಯುತ್ತಿದೆ' ಅಂತ ಹೇಳಬೇಕು. ಅದಕ್ಕೆ ಯುಎಸ್‌ಬಿ ಕೇಬಲ್ ಮತ್ತು ನಟ್ ಅಥವಾ ಎಪಿಸಿಯುಪಿಎಸ್‌ಡಿ ಅನ್ನುವ ಪ್ರೋಗ್ರಾಂ ಬೇಕು. ಕಾಕಾನ ಯುಪಿಎಸ್‌ನ ಕೇಬಲ್ ಮೊದಲ ಎರಡು ವರ್ಷ ಡಬ್ಬದಲ್ಲೇ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿತ್ತು.

ಇಲ್ಲಿ ಮೇಲಿನ ಎಲ್ಲ ಗಡಿಯಾರಗಳೂ ಬ್ಯಾಟರಿಯೊಳಗೆ ಕೂರಬೇಕು. ಬ್ಯಾಟರಿ ನಾಲ್ಕು ನಿಮಿಷ ತಡೆಯುವುದಾದರೆ ಒಂದು ಸರ್ವಿಸ್‌ಗೆ ಹತ್ತು ನಿಮಿಷದ ಟೈಮ್‌ಔಟ್ ಇಟ್ಟು ಏನು ಪ್ರಯೋಜನ? ಒಂದರ ಹಿಂದೆ ಒಂದು ನಿಲ್ಲುವವುಗಳ ಹೊತ್ತನ್ನು ಕೂಡಿಸಿ. ನಮ್ಮಲ್ಲಿ ಜಾವಾ ಮತ್ತು ಎಣಿಕೆ ಒಟ್ಟಿಗೆ ನಿಲ್ಲುತ್ತವೆ, ಆಮೇಲೆ ಪೋಸ್ಟ್‌ಗ್ರೆಸ್.

ಇನ್ನೊಂದು ಬಯಾಸ್, ಅಂದರೆ ಮದರ್‌ಬೋರ್ಡ್‌ನ ಒಳಗಿನ, ಸೆಟ್ಟಿಂಗ್. ಕರೆಂಟ್ ಬಂದಾಗ ಏನು ಮಾಡಬೇಕು ಅನ್ನುವ ಕಡೆ 'ಲಾಸ್ಟ್ ಸ್ಟೇಟ್' ಇದ್ದರೆ, ಯುಪಿಎಸ್ ನೀಟಾಗಿ ಶಟ್‌ಡೌನ್ ಮಾಡಿಸಿದ ಸರ್ವರ್‌ನ ಕೊನೆಯ ಸ್ಥಿತಿ ಆಫ್. ಹಾಗಾಗಿ ಆಫ್ ಆಗಿಯೇ ಇರುತ್ತದೆ. 'ಪವರ್ ಆನ್' ಇಡಿ. ಅದೂ ಸಾಲದ ಸಂದರ್ಭ ಒಂದಿದೆ. ಸರ್ವರ್ ಮಲಗಿದ ಮೇಲೆ ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ಕರೆಂಟ್ ಬಂದರೆ, ಸರ್ವರ್‌ಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ, ಏಳುವುದೂ ಇಲ್ಲ. ಅದಕ್ಕೇ ಶಟ್‌ಡೌನ್‌ನ ಕೊನೆಯಲ್ಲಿ ಯುಪಿಎಸ್‌ಗೆ 'ನೀನೂ ಔಟ್‌ಪುಟ್ ಕಡಿ' ಅಂತ ಹೇಳಿಸಬೇಕು. ನಟ್‌ನಲ್ಲಿ ಅದಕ್ಕೆ ಕಿಲ್‌ಪವರ್ ಅಂತ ವ್ಯವಸ್ಥೆ ಇದೆ.

ನಿಜವಾಗಿ ನೋಡುವುದು

ನೀವು ಯಾವ ದಾರಿ ಆರಿಸಿದರೂ ಎರಡು ಪರೀಕ್ಷೆ ಮಾಡಿ. ಒಂದು, ಕೆಲಸ ನಡೆಯುತ್ತಿರುವಾಗಲೇ ಸ್ಟಾಪ್ ಕೊಟ್ಟು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಖಾಲಿ ಕೂತಾಗ ನೋಡಿದ್ದು ಲೆಕ್ಕಕ್ಕಿಲ್ಲ. ಎರಡು, ರೀಬೂಟ್ ಮಾಡಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ಓದಿ. ಸಿಸ್ಟಮ್‌ಡಿಯ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ಗೆ ಮೈನಸ್ ಬಿ ಮೈನಸ್ ಒಂದು ಕೊಟ್ಟರೆ ಸಿಗುತ್ತದೆ. ಜರ್ನಲ್ ಡಿಸ್ಕ್ ಮೇಲೆ ಉಳಿಯುವಂತೆ ವಾರ್-ಲಾಗ್-ಜರ್ನಲ್ ಫೋಲ್ಡರ್ ಇರಬೇಕು. ಅಲ್ಲಿ 'ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್, ಕಿಲ್ಲಿಂಗ್' ಅಂತ ಕಂಡ ಸರ್ವಿಸ್ ಯಾವುದೋ ಅದರಿಂದ ಕೆಲಸ ಶುರು ಮಾಡಿ.

ನಾನು ಇದನ್ನು ಒಂದು ಗುರುವಾರ ಮಧ್ಯಾಹ್ನ ಮಾಡಿದೆ. ಹನ್ನೊಂದಕ್ಕೇ ವಾಚ್‌ಮನ್ ಬಾಗಿಲಲ್ಲಿ ಇಣುಕಿ "ಲೈಟ್ ಗೇಲಿ ಸಾಹೇಬ" ಅಂತ, ಅಂದರೆ ಕರೆಂಟ್ ಹೋಯಿತು ಅಂತ, ಮರಾಠಿಯಲ್ಲಿ ಅಂದಿದ್ದ, ಜನರೇಟರ್ ಹಾಕಿಸಿ ಕೂತಿದ್ದೆ. ಕಾಕಾ ಚಲನ್ ತುಂಬುತ್ತಿದ್ದ ಹಾಗೆಯೇ ಯುಪಿಎಸ್‌ನ ಪ್ಲಗ್ ಕಿತ್ತೆ. ಬೀಪ್ ಶುರುವಾಯಿತು. ಶಟ್‌ಡೌನ್ ಕರೆ ಬಂದ ಮೇಲೆ ಎಣಿಕೆ 2 ಸೆಕೆಂಡಿನಲ್ಲಿ ನಿಂತಿತು, ಜಾವಾ 19ಕ್ಕೆ, ಪೋಸ್ಟ್‌ಗ್ರೆಸ್ ಅದಾದ 3 ಸೆಕೆಂಡಿಗೆ. ಫ್ಯಾನ್ ನಿಂತಿತು, ಸ್ವಲ್ಪ ಹೊತ್ತಿಗೆ ಯುಪಿಎಸ್‌ನ ದೀಪವೂ. ಪ್ಲಗ್ ಹಾಕಿದೆ. ಸರ್ವರ್ ತಾನಾಗಿ ಎದ್ದಿತು. ಕಾಕಾ ತುಂಬುತ್ತಿದ್ದ ಚಲನ್ ಇರಲಿಲ್ಲ, ಅದರ ನಂಬರ್ ಕೂಡ ಇರಲಿಲ್ಲ. ಹಾಗೇ ಆಗಬೇಕಿತ್ತು. ಆದರೆ ಅದನ್ನು ಅವರಿಗೆ ಒಪ್ಪಿಸಲು ಸರ್ವರ್ ರಿಪೇರಿಗಿಂತ ಜಾಸ್ತಿ ಹೊತ್ತು ಹಿಡಿಯಿತು.